ಮೈಕಲ್ ಜೋರ್ಡಾನ್, ಲೆಬ್ರಾನ್ ಜೇಮ್ಸ್, ಸ್ಟೀಫನ್ ಕರಿ ಬಿಟ್ಟು ಎನ್‌ಬಿಎಯ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಯಾವ ಆಟಗಾರನ ಹಳೆ ಮ್ಯಾಚ್ ನೋಡಬೇಕು?

ಡರ್ಕ್ ನೊವಿಟ್ಸ್ಕಿ. ನನ್ನ ಹತ್ತಿರ ಎರಡನೇ ಹೆಸರಿಲ್ಲ.

ನಾನು ಬಳ್ಳಾರಿಯವನು, ತೋರಣಗಲ್ಲು ಕಡೆ ಶಿಫ್ಟ್ ಕೆಲಸ. ಅಮೆರಿಕದ ರಾತ್ರಿ ಮ್ಯಾಚ್‌ಗಳು ನಮಗೆ ಬೆಳಗಿನ ಜಾವ ಬರುತ್ತವೆ, ಹಾಗಾಗಿ ನೈಟ್ ಶಿಫ್ಟ್ ಮುಗಿಸಿ ಬಂದು ಒಗ್ಗರಣೆ ಮಿರ್ಚಿ ತಿನ್ನುತ್ತಾ ಕೊನೆಯ ಕ್ವಾರ್ಟರ್ ನೋಡಿ ಮಲಗುವುದು ರೂಢಿ. ಮ್ಯಾಚ್ ಇಲ್ಲದ ದಿನ ಡರ್ಕ್‌ನ ಹಳೆ ವಿಡಿಯೋ.

ಈತ ಜರ್ಮನಿಯ ವುರ್ಜ್‌ಬರ್ಗ್ ಊರಿನವನು, ಹುಟ್ಟಿದ್ದು 1978ರಲ್ಲಿ. ಏಳು ಅಡಿ ಎತ್ತರ. ಆಗೆಲ್ಲ ಅಷ್ಟು ಎತ್ತರದವರನ್ನು ಬುಟ್ಟಿಯ ಕೆಳಗೇ ನಿಲ್ಲಿಸುತ್ತಿದ್ದರು, ಇವನು ಮಾತ್ರ ದೂರದಿಂದ ಶಾಟ್ ಹೊಡೆಯುತ್ತಿದ್ದ. ಅದನ್ನು ಕಲಿಸಿದವರು ಹೋಲ್ಗರ್ ಗೆಶ್‌ವಿಂಡ್ನರ್, 1972ರ ಒಲಿಂಪಿಕ್ಸ್‌ನಲ್ಲಿ ಆಡಿದವರು. ಚೆಂಡು ಯಾವ ಕೋನದಲ್ಲಿ ಏರಿದರೆ ಒಳಗೆ ಬೀಳುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕಿ ಹೇಳಿಕೊಡುತ್ತಿದ್ದ ಮನುಷ್ಯ! ಒಂದು ಕಾಲ ಮೇಲೆ ನಿಂತು, ಇನ್ನೊಂದು ಮೊಣಕಾಲು ಎತ್ತಿ, ಹಿಂದಕ್ಕೆ ವಾಲುತ್ತಾ ಹೊಡೆಯುವ ಡರ್ಕ್‌ನ ಶಾಟ್ ತಡೆಯುವುದಕ್ಕೆ ಯಾರ ಕೈಯೂ ಎಟುಕುತ್ತಿರಲಿಲ್ಲ. (ನಮ್ಮ ಸಿಮೆಂಟ್ ಕೋರ್ಟ್ ಹುಡುಗರು ಇದನ್ನೂ ಕಾಪಿ ಹೊಡೆಯಲು ಹೋಗುತ್ತಾರೆ. ಮೊದಲು ಎರಡು ಕಾಲ ಮೇಲೆ ನಿಂತು ಹಾಕ್ರಪ್ಪಾ.)

1998ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) 9ನೆಯವನಾಗಿ ಆಯ್ಕೆಯಾಗಿ ಡಲ್ಲಾಸ್ ತಂಡಕ್ಕೆ ಬಂದ. ಮೊದಲ ವರ್ಷ ಸರಾಸರಿ 8.2 ಪಾಯಿಂಟ್, ಅಷ್ಟೇ. ಆಮೇಲೆ ಬೆಳೆದ.

ಆದರೆ ನೀವು ನೋಡಬೇಕಾದ್ದು ಅವನು ಸೋತ ರೀತಿ. ಎನ್‌ಬಿಎ ಫೈನಲ್ ಅಂದರೆ ಒಂದು ಸರಣಿ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಟ್ರೋಫಿ. 2006ರ ಫೈನಲ್‌ನಲ್ಲಿ ಮಯಾಮಿ ವಿರುದ್ಧ 2-0 ಮುಂದಿದ್ದು, ಮುಂದಿನ ನಾಲ್ಕೂ ಪಂದ್ಯ ಸೋತರು. ಮರುವರ್ಷ ಡಲ್ಲಾಸ್ 67 ಪಂದ್ಯ ಗೆದ್ದಿತು, ಡರ್ಕ್‌ಗೆ ಎಂವಿಪಿ (ಸೀಸನ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ) ಬಂತು, ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ 8ನೇ ಸ್ಥಾನದ ಗೋಲ್ಡನ್ ಸ್ಟೇಟ್ ಕೈಲಿ ಮನೆಗೆ ಹೋದರು. ಮೆತ್ತನೆಯವನು, ಒತ್ತಡ ತಡೆಯಲ್ಲ ಅಂತ ಜನ ವರ್ಷಗಟ್ಟಲೆ ಆಡಿಕೊಂಡರು.

2010ರ ಬೇಸಿಗೆಯಲ್ಲಿ ಲೆಬ್ರಾನ್ ಮತ್ತು ಡರ್ಕ್ ಇಬ್ಬರೂ ತಮ್ಮ ಒಪ್ಪಂದದಿಂದ ಹೊರಬಂದಿದ್ದರು, ಯಾವ ತಂಡಕ್ಕೆ ಬೇಕಾದರೂ ಹೋಗಬಹುದಿತ್ತು. ಲೆಬ್ರಾನ್ ಟಿವಿಯಲ್ಲಿ ಕೂತು ಘೋಷಿಸಿ ಮಯಾಮಿಗೆ ಹೋದ. ಡರ್ಕ್ ಸುಮ್ನೆ ಡಲ್ಲಾಸ್‌ಗೇ ಮತ್ತೆ ಸಹಿ ಹಾಕಿದ. ಮುಂದಿನ ಜೂನ್‌ನಲ್ಲಿ ಫೈನಲ್ ಯಾರ ಮಧ್ಯೆ ಹೇಳಿ? ಇದೇ ಎರಡು ತಂಡ! ಡಲ್ಲಾಸ್ 4-2ರಿಂದ ಗೆದ್ದಿತು. ನಾಲ್ಕನೇ ಪಂದ್ಯ ಡರ್ಕ್ ಜ್ವರದಲ್ಲೇ ಆಡಿದ್ದ. ಆರನೆಯದರ ಮೊದಲರ್ಧದಲ್ಲಿ ಹೊಡೆದ 12 ಶಾಟ್‌ಗಳಲ್ಲಿ ಒಂದೇ ಒಂದು ಒಳಗೆ ಹೋಯಿತು, ಆದರೂ ಹೊಡೆಯುವುದನ್ನು ನಿಲ್ಲಿಸಲಿಲ್ಲ, 21 ಪಾಯಿಂಟ್‌ಗೆ ಮುಗಿಸಿದ.

2019ರಲ್ಲಿ ನಿವೃತ್ತನಾದ. ಒಂದೇ ತಂಡಕ್ಕೆ 21 ಸೀಸನ್, ಒಟ್ಟು 31,560 ಪಾಯಿಂಟ್. ಟ್ರೋಫಿ ಮಾತ್ರ ಅದೊಂದೇ. ಟ್ರೋಫಿ ಎಣಿಸಿ ರ‍್ಯಾಂಕ್ ಕೊಡುವವರು ಇವನನ್ನು ಕೆಳಗಿಡುತ್ತಾರೆ, ನಾನಂತೂ ಆ ಲೆಕ್ಕ ಒಪ್ಪಲ್ಲ.

ನೋಡುವುದಾದರೆ 2011ರ ಫೈನಲ್‌ನ ಎರಡನೇ ಪಂದ್ಯದಿಂದ ಶುರು ಮಾಡಿ. ಟೈಮ್ ಇಲ್ಲ ಅಂದ್ರೆ ಕೊನೆಯ ಏಳು ನಿಮಿಷ ಸಾಕು. ಡಲ್ಲಾಸ್ 15 ಪಾಯಿಂಟ್ ಹಿಂದಿರುತ್ತದೆ. ಡರ್ಕ್‌ನ ಎಡಗೈ ಬೆರಳಿಗೆ ಮೊದಲ ಪಂದ್ಯದಲ್ಲೇ ಏಟಾಗಿರುತ್ತದೆ, ಗೆಲುವಿನ ಬುಟ್ಟಿ ಹಾಕುವುದೂ ಅದೇ ಎಡಗೈಯಲ್ಲಿ. ಅದು ಹಿಡಿಸಿದರೆ ಅದೇ ವರ್ಷ ಓಕ್ಲಹೋಮಾ ಸಿಟಿ ಮೇಲಿನ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ (ಸೆಮಿಫೈನಲ್ ಇದ್ದಂತೆ) ಸರಣಿಯ ಮೊದಲ ಪಂದ್ಯ ಹುಡುಕಿ: 48 ಪಾಯಿಂಟ್, ಫ್ರೀ ಥ್ರೋಗಳಲ್ಲಿ (ಎದುರಾಳಿ ಫೌಲ್ ಮಾಡಿದಾಗ ಸಿಗುವ ತಡೆಯಿಲ್ಲದ ಶಾಟ್) 24ಕ್ಕೆ 24.