ಅಜ್ಜನ ಮನೆ: ಕೆಡವಬೇಕೇ, ಬಿಚ್ಚಬೇಕೇ?

ಪ್ರಶ್ನೆ: ಅಜ್ಜನ ಕಾಲದ ಹಂಚಿನ ಮನೆ ತೆಗೆಯಬೇಕಾಗಿದೆ. ಜೆಸಿಬಿಯವರು ಒಂದೇ ದಿನ ಸಾಕು ಅನ್ನುತ್ತಾರೆ. ಕೈಯಲ್ಲಿ ಬಿಚ್ಚಿಸಿದರೆ ಏನಾದರೂ ಉಳಿಯುತ್ತದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಉಳಿಯುತ್ತದೆ, ಆದರೆ ಅವಸರ ಇರಬಾರದು. ನಮ್ಮ ಮನೆಗೆ ನಾಲ್ಕು ಆಳು, 17 ದಿನ ಹಿಡಿಯಿತು. ಕಟ್ಟಿದ್ದನ್ನು ಉಲ್ಟಾ ಮಾಡುವುದು, ಅಷ್ಟೇ. ಮೊದಲು ಹಂಚು, ಆಮೇಲೆ ರೀಪು (ಹಂಚು ಕೂರುವ ಅಡ್ಡಪಟ್ಟಿ), ಪಕಾಸು (ರೀಪು ಹೊರುವ ಇಳಿಜಾರು ಮರ), ತೊಲೆ. ಗೋಡೆ ಕೊನೆಗೆ. ಕರೆಂಟು ಮಾತ್ರ ಎಲ್ಲಕ್ಕೂ ಮುಂಚೆ ತೆಗೆಸಿ.

ಹಂಚನ್ನು ಎಸೆಯಬೇಡಿ, ಕೈಯಿಂದ ಕೈಗೆ ದಾಟಿಸಿ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಅಂದರೆ ಗಟ್ಟಿ, ಬೊದ್ದು ಸದ್ದಾದರೆ ಬಿರುಕು. ಹಿಂಬದಿಯಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರನ್ನೂ ಓದಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅವರ ಹೆಸರಿದ್ದ ಹಂಚು ನಮ್ಮ ಅಡುಗೆಮನೆ ಮೇಲೇ ಇತ್ತು, ಹೊಗೆಗೆ ಕಾಡಿಗೆಯಂತಾಗಿ! ಬೇರೆ ಕಾರ್ಖಾನೆಯದ್ದಕ್ಕೆ ಬೇರೆ ರಾಶಿ ಹಾಕಿ. ಅಚ್ಚು ಬೇರೆಯಾದರೆ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ.

ಹಳೇ ಬಾಗಿಲ ಚೌಕಟ್ಟಿನಲ್ಲಿ ಮೊಳೆ ಹುಡುಕಬೇಡಿ, ಮರದ ಬೆಣೆ ಇರುತ್ತದೆ. ಸಣ್ಣ ತುದಿಯಿಂದ ಬಡಿದರೆ ಹೊರಗೆ ಬರುತ್ತದೆ. ಬಿಚ್ಚುವ ಮೊದಲೇ ಜೋಡಣೆಗೆ ನಂಬರು ಬರೆಯಿರಿ, ಅದೂ ಪೇಂಟಿನಲ್ಲಿ. ನಾನು ಸೀಮೆಸುಣ್ಣದಲ್ಲಿ ಬರೆದು ಒಂದೇ ಮಳೆಗೆ ಎಲ್ಲಾ ಕಳೆದುಕೊಂಡೆ. ತೊಲೆಯ ಮೊಳೆ ಕೀಳದೆ ಸಾಮಿಲ್‌ಗೆ ಕೊಟ್ಟರೆ ಗರಗಸದ ಹಲ್ಲು ಹೋಗುತ್ತದೆ, ಬೈಗುಳ ನಿಮಗೇ.

ಗೋಡೆ ಸುಣ್ಣದ ಗಾರೆಯದ್ದಾ? ಹಾಗಾದರೆ ಇಟ್ಟಿಗೆ ಇಡಿಯಾಗಿ ಬರುತ್ತದೆ. ಸಿಮೆಂಟಾದರೆ ಸುಮ್ನೆ ಕೈ ನೋಯಿಸಿಕೊಳ್ಳಬೇಡಿ, ಅಲ್ಲಿಗೆ ಜೆಸಿಬಿಯೇ ಸರಿ.