ಬ್ಯಾಂಕಿನ ಹೆಸರಿನಲ್ಲಿ ಬಂದ ಇಮೇಲ್ ನಿಜವೇ ಎಂದು ತಿಳಿಯುವುದು ಹೇಗೆ?

ಡೊಂಬಿವಲಿಯಲ್ಲಿರುವ ನಿಮ್ಮ ತಾಯಿಯವರಿಗೆ ‘ಕೆವೈಸಿ (ಗ್ರಾಹಕರ ಗುರುತಿನ ದಾಖಲೆ) ಅವಧಿ ಮುಗಿದಿದೆ, 24 ಗಂಟೆಯೊಳಗೆ ನವೀಕರಿಸದಿದ್ದರೆ ಖಾತೆ ಸ್ಥಗಿತವಾಗುತ್ತದೆ’ ಎಂಬ ಇಮೇಲ್ ಬಂದಿದೆಯೆಂದೂ, ಲಾಂಛನ, ಬಣ್ಣ ಎಲ್ಲವೂ ಬ್ಯಾಂಕಿನವೇ ಆಗಿರುವುದರಿಂದ ಅದನ್ನು ನಂಬಬಹುದೇ ಎಂದೂ ಕೇಳಿದ್ದೀರಿ. ನಂಬಬೇಡಿ, ಅದರಲ್ಲಿರುವ ಲಿಂಕನ್ನು ಒತ್ತಬೇಡಿ. ಮುಂಬಯಿಯ ಫೋರ್ಟಿನಲ್ಲಿ ಬಹಳ ವರ್ಷ ಬ್ಯಾಂಕ್ ನೌಕರಿ ಮಾಡಿ ನಿವೃತ್ತನಾದ ನಾನೇ ಇಂಥದೊಂದು ಇಮೇಲಿಗೆ ಮುಕ್ಕಾಲು ಪಾಲು ಮರುಳಾಗಿದ್ದೆನಾದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಓದಿದ ಆ ಇಮೇಲ್, ನನ್ನ ಡೆಬಿಟ್ ಕಾರ್ಡ್ ಅಂದು ಸಂಜೆಯೇ ನಿಷ್ಕ್ರಿಯವಾಗುತ್ತದೆ ಎನ್ನುತ್ತಿತ್ತು. ಲಿಂಕ್ ಒತ್ತಿದಾಗ ನನಗೆ ಚಿರಪರಿಚಿತವಾದ ಲಾಗಿನ್ ಪುಟವೇ ತೆರೆದುಕೊಂಡಿತು. ಆದರೆ ಫೋನಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್ ಎಂದಿನಂತೆ ತಾನಾಗಿ ತುಂಬಿಕೊಳ್ಳಲಿಲ್ಲ. ಫೋನನ್ನು ಬೈದುಕೊಂಡು ಕೈಯಾರೆ ಬರೆಯಲು ಹೊರಟಾಗ ಮೇಲಿನ ವಿಳಾಸದತ್ತ ಕಣ್ಣು ಹೋಯಿತು. ಅದು ಬ್ಯಾಂಕಿನ ವಿಳಾಸವಾಗಿರಲಿಲ್ಲ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ತಂತ್ರಾಂಶ ಲಾಂಛನವನ್ನಾಗಲಿ ಬಣ್ಣವನ್ನಾಗಲಿ ನೋಡುವುದಿಲ್ಲ, ವಿಳಾಸವನ್ನಷ್ಟೇ ಹೋಲಿಸುತ್ತದೆ. ನಾವೂ ನೋಡಬೇಕಾದದ್ದು ಅದನ್ನೇ.

ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾರು ಏನನ್ನು ಬೇಕಾದರೂ ಬರೆದುಕೊಳ್ಳಬಹುದು. ಫೋನಿನ ಪರದೆ ಆ ಹೆಸರನ್ನಷ್ಟೇ ತೋರಿಸಿ ನಿಜವಾದ ವಿಳಾಸವನ್ನು ಮರೆಮಾಡುವುದರಿಂದ, ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸವನ್ನು ತೆರೆದು ನೋಡಬೇಕು. ಇನ್ನು ವೆಬ್‌ಸೈಟಿನ ವಿಳಾಸವನ್ನು ಅಂಚೆಯ ವಿಳಾಸದಂತೆ ಕೊನೆಯಿಂದ ಓದಬೇಕು. ಲಕೋಟೆಯ ಮೇಲೆ ಮಾಟುಂಗಾ ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದರೂ ಕೆಳಗಿನ ಪಿನ್ 421201 ಆಗಿದ್ದರೆ ಅದು ಹೋಗುವುದು ಡೊಂಬಿವಲಿಯ ಚೀಲಕ್ಕೆ. ಹಾಗೆಯೇ ಮೊದಲ ಒಂಟಿ ಓರೆಗೆರೆಗೆ (/) ಮುಂಚೆ ಕೊನೆಯಲ್ಲಿ ಬರುವ ಭಾಗವೇ ಮಾಲೀಕ ಯಾರೆಂದು ಹೇಳುತ್ತದೆ. ಅದರ ಎಡಕ್ಕೆ ಬ್ಯಾಂಕಿನ ಹೆಸರು ಇದ್ದರೂ ಅದಕ್ಕೆ ಬೆಲೆಯಿಲ್ಲ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ವೆಬ್‌ಸೈಟುಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ (.bank.in) ಎಂದು ಮುಗಿಯುವ ವಿಳಾಸಕ್ಕೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದು ಇದೇ ಕಾರಣಕ್ಕೆ. ಈ ಬಾಲವನ್ನು ಬ್ಯಾಂಕುಗಳಲ್ಲದವರು ನೋಂದಾಯಿಸಿಕೊಳ್ಳಲು ಬರುವುದಿಲ್ಲ. ಆದರೆ ಅದು ಬಾಲದಲ್ಲಿಯೇ ಇರಬೇಕು. ಅದರ ನಂತರ, ಬಲಕ್ಕೆ, ಇನ್ನೊಂದು ಚುಕ್ಕೆ, ಇನ್ನೊಂದು ಹೆಸರು ಅಂಟಿಕೊಂಡಿದ್ದರೆ ಅದು ಬೇರೆಯವರ ಮನೆ. ವಿಳಾಸದ ಪಕ್ಕದ ಬೀಗದ ಚಿಹ್ನೆಯೂ ಭರವಸೆಯಲ್ಲ. ನೀವು ಬರೆದದ್ದು ದಾರಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಅದು ನೋಡಿಕೊಳ್ಳುತ್ತದೆ, ಆದರೆ ಮೋಸಗಾರನ ಪುಟಕ್ಕೂ ಆ ಬೀಗ ಸಿಗುತ್ತದೆ.

ತಪ್ಪು ಇಂಗ್ಲಿಷಿನಿಂದ ಮೋಸದ ಪತ್ರವನ್ನು ಗುರುತಿಸುತ್ತಿದ್ದ ಕಾಲ ಹೋಯಿತು. ನಾನು ನೋಡಿದ ಕೆಲವು ನಕಲಿ ಪತ್ರಗಳ ಭಾಷೆ ನಮ್ಮ ಶಾಖೆಯ ಸುತ್ತೋಲೆಗಳಿಗಿಂತ ಚೆನ್ನಾಗಿತ್ತು. ಪತ್ರದ ಮಾತಿನಲ್ಲಿ ಉಳಿದಿರುವ ಮುಖ್ಯ ಗುರುತೆಂದರೆ ಅವಸರ. ಕೆವೈಸಿ ನವೀಕರಣವೇನೂ ಕಟ್ಟುಕಥೆಯಲ್ಲ. ಖಾತೆಯ ಅಪಾಯದ ಮಟ್ಟವನ್ನು ನೋಡಿ 2, 8 ಅಥವಾ 10 ವರ್ಷಕ್ಕೊಮ್ಮೆ ಬ್ಯಾಂಕು ಅದನ್ನು ನಿಜವಾಗಿಯೂ ಮಾಡಿಸುತ್ತದೆ, ನೆನಪೋಲೆಯನ್ನೂ ಕಳುಹಿಸುತ್ತದೆ. ವಂಚಕರು ಈ ವಿಷಯವನ್ನೇ ಆರಿಸಿಕೊಳ್ಳುವುದು ಅದು ಸುಳ್ಳಲ್ಲವೆಂದೇ. ಆದರೆ ವರ್ಷಗಳ ಲೆಕ್ಕದಲ್ಲಿ ನಡೆಯುವ ಕೆಲಸಕ್ಕೆ 24 ಗಂಟೆಯ ಗಡುವು ಎಲ್ಲಿಂದ ಬಂತು? ಪಾಸ್‌ವರ್ಡ್, ಒಟಿಪಿ, ಪಿನ್ ಅಥವಾ ಕಾರ್ಡಿನ ಹಿಂದಿನ ಮೂರಂಕಿಯನ್ನು ಕೇಳುವ ಪತ್ರದ ಬಗ್ಗೆಯಂತೂ ಯೋಚಿಸುವುದೇ ಬೇಡ.

ಇಷ್ಟೆಲ್ಲ ಪರೀಕ್ಷೆ ನಿಮ್ಮ ತಾಯಿಯವರಿಗೆ ತ್ರಾಸವೆನಿಸಿದರೆ ಅವರಿಗೆ ಒಂದೇ ರೂಢಿ ಹಾಕಿಸಿ: ಇಮೇಲ್ ತೋರಿಸಿದ ದಾರಿಯಲ್ಲಿ ಬ್ಯಾಂಕಿಗೆ ಹೋಗಬಾರದು. ಅದನ್ನು ಮುಚ್ಚಿ ಬ್ಯಾಂಕಿನ ಆ್ಯಪನ್ನು ತಾವೇ ತೆರೆಯಲಿ, ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆಮಾಡಲಿ, ಇಲ್ಲವೇ ಪಾಸ್‌ಬುಕ್ ಹಿಡಿದುಕೊಂಡು ಶಾಖೆಗೇ ಹೋಗಲಿ. ಪತ್ರ ನಿಜವಾಗಿದ್ದರೂ ಇದರಿಂದ ನಷ್ಟವೇನಿಲ್ಲ, ಕೆಲಸ ಅಲ್ಲಿಯೂ ಆಗುತ್ತದೆ.

ಅವರು ಈಗಾಗಲೇ ವಿವರ ಕೊಟ್ಟಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಿ ಕಾರ್ಡು, ನೆಟ್ ಬ್ಯಾಂಕಿಂಗ್ ಎರಡನ್ನೂ ನಿಲ್ಲಿಸಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ಕೊಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕರೇ ಗುಪ್ತ ವಿವರಗಳನ್ನು ಕೊಟ್ಟು ಆದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಅವರದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಹಾಗಾಗಿ ಲಿಂಕ್ ಒತ್ತಿದ್ದೀರಾ ಎಂದು ಅವರನ್ನು ಇಂದೇ, ದನಿ ಏರಿಸದೆ ಕೇಳಿ. ಹಣ ಹೋಗದಿದ್ದರೂ, ಮನೆಯವರು ನಕ್ಕಾರೆಂಬ ಅಂಜಿಕೆಯಿಂದ ನಾನು ನನ್ನ ಪ್ರಸಂಗವನ್ನು ಒಂದು ವಾರ ಬಾಯಿಬಿಟ್ಟಿರಲಿಲ್ಲ.