ಹೆಂಡ್ತಿ ಮಕ್ಕಳನ್ನ ಬಿಟ್ಟು ಓಡಿದವನು ಎಂಥ ಯಾತ್ರಿಕ?

ಪ್ರಶ್ನೆ: ಸರ್, ಇಂಗ್ಲೆಂಡಿನ ಜಾನ್ ಬನಿಯನ್ ಬರೆದ, ಸ್ವರ್ಗದ ಊರಿಗೆ ಹೊರಟ ಯಾತ್ರಿಕನ ಕತೆ 'ಪಿಲ್ಗ್ರಿಮ್ಸ್ ಪ್ರೋಗ್ರೆಸ್' ಓದಿ ಅಂತ ಹೋದ ಸಂಚಿಕೇಲಿ ಬರೆದಿದ್ರಿ, ಮಗಳ ಹತ್ರ ತರಿಸ್ಕೊಂಡು ಓದಿದೆ. ಊರು ಸುಟ್ಟುಹೋಗುತ್ತೆ ಅಂತ ಗೊತ್ತಾದ ಕ್ರಿಶ್ಚಿಯನ್ ಅನ್ನೋ ಆ ಮನುಷ್ಯ, ಹೆಂಡ್ತಿ ಮಕ್ಕಳು ಹಿಂದಿಂದ ಅತ್ತು ಕರೀತಿದ್ರೂ ಎರಡೂ ಕಿವಿಗೆ ಬೆರಳಿಟ್ಕೊಂಡು ಓಡ್ತಾನಲ್ಲ, ಇದೆಂಥ ಭಕ್ತಿ ಮಾರಾಯ್ರೆ? ಅಲ್ಲೇ ಮುಚ್ಚಿಟ್ಟೆ.
- ಓದುಗಿ, ಹೊಸನಗರ

ಉತ್ತರ: ಆ ಬೆರಳು ನಂಗೂ ಚುಚ್ಚುತ್ತೆ ಅಕ್ಕಾ, ಸುಳ್ಳು ಹೇಳಲ್ಲ. ಅವ್ನು ಮೊದ್ಲು ಮನೆಯವರಿಗೆಲ್ಲ ಹೇಳಿ ನೋಡ್ತಾನೆ, ಅವ್ರು ತಲೆ ಕೆಟ್ಟಿದೆ, ನಿದ್ದೆ ಮಾಡಿದ್ರೆ ಸರಿಹೋಗುತ್ತೆ ಅಂತ ಮಲಗಿಸ್ತಾರೆ, ಅದು ಬೇರೆ ಮಾತು. ಆದ್ರೆ ಬರೆದವನ ಮನೆ ಕಡೆ ಒಂಚೂರು ನೋಡಿ. ಬನಿಯನ್ ಪಾತ್ರೆ ರಿಪೇರಿ ಮಾಡ್ಕೊಂಡಿದ್ದ ಬಡವ, ಅನುಮತಿ ಇಲ್ದೆ ಉಪದೇಶ ಮಾಡಿದ ಅಂತ 1660ರಲ್ಲಿ ಬೆಡ್ಫರ್ಡಿನ ಜೈಲಿಗೆ ಹಾಕಿದ್ರು, 'ಇನ್ಮೇಲೆ ಮಾಡಲ್ಲ' ಅಂತ ಒಂದು ಮಾತು ಕೊಟ್ಟಿದ್ರೆ ಬಿಡ್ತಿದ್ರು, ಕೊಡ್ಲಿಲ್ಲ, 12 ವರ್ಷ ಕೂತ. ಹೊರಗೆ ಹೆಂಡ್ತಿ, ನಾಲ್ಕು ಮಕ್ಕಳು, ದೊಡ್ಡ ಹುಡುಗಿಗೆ ಕಣ್ಣೇ ಕಾಣ್ತಿರ್ಲಿಲ್ಲ. ಒಳಗೆ ಕೂತು ಕಟ್ಟೋ ಲೇಸು ದಾರ ಮಾಡಿ ಮಾರಿ ಮನೆಗೆ ಕಳಿಸ್ತಿದ್ದ. ಅವರನ್ನ ಬಿಟ್ಟಿರೋದು ಮೂಳೆಯಿಂದ ಮಾಂಸ ಕಿತ್ತ ಹಾಗೆ ಅಂತ ತಾನೇ ಬರ್ಕೊಂಡಿದಾನೆ. ಹಾಗಾಗಿ ಕಿವಿ ಮುಚ್ಚಿದ್ದು ಕೇಳಿಸ್ದೆ ಇರೋನಲ್ಲ, ಜಾಸ್ತಿ ಕೇಳಿಸ್ತಿದ್ದೋನು ಅಂತ ನಾನು ಓದ್ಕೊಳ್ತೀನಿ. ನೀವು ಒಪ್ಪಬೇಕು ಅಂತೇನಿಲ್ಲ.

ಪ್ರಶ್ನೆ: ಹಠಮಾರಿ ಅಂತ ಒಬ್ಬ, ನಿರಾಶೆ ಅಂತ ಒಬ್ಬ ದೈತ್ಯ, ಕಷ್ಟ ಅಂತ ಒಂದು ಗುಡ್ಡ. ಹೆಸರಲ್ಲೇ ಎಲ್ಲ ಹೇಳ್ಬಿಟ್ರೆ ಕತೆ ಯಾಕೆ ಓದ್ಬೇಕು? ಇದು ನಮ್ಮ ಕಡೆಯ ಜಾಯಮಾನ ಅಲ್ಲ ಅನ್ಸುತ್ತೆ.
- ಓದುಗರು, ಸಾಗರ

ಉತ್ತರ: ನಮ್ಮ ಜಾಯಮಾನ ಅಲ್ವಾ? ಶಿಕಾರಿಪುರದ ಕಡೆ ಬಳ್ಳಿಗಾವಿಗೆ ಹೋಗಿ ಬನ್ನಿ ಸ್ವಾಮಿ. ಅಲ್ಲಿಯ ಅಲ್ಲಮನ ಮೇಲೆ ಚಾಮರಸ 15ನೇ ಶತಮಾನದಲ್ಲಿ 'ಪ್ರಭುಲಿಂಗಲೀಲೆ' ಬರೆದ, ಅದರಲ್ಲಿ ಅಲ್ಲಮನ ಅಪ್ಪ ನಿರಹಂಕಾರ, ಅಮ್ಮ ಸುಜ್ಞಾನಿ, ಆ ಕಡೆ ಮಾಯೆಯ ಅಪ್ಪ ಮಮಕಾರ ಅನ್ನೋ ರಾಜ, ಅಮ್ಮ ಮೋಹಿನಿ. ಬನಿಯನ್ನನ ಮೊದಲ ಭಾಗ ಬಂದಿದ್ದು 1678ರಲ್ಲಿ, ಅಂದ್ರೆ ಅದಕ್ಕೂ ಇನ್ನೂರು ಚಿಲ್ಲರೆ ವರ್ಷ ಮೊದ್ಲೇ ನಮ್ಮೋರು ಈ ಆಟ ಆಡಿ ಮುಗಿಸಿದ್ರು.

ಹೆಸರು ಬಿಡಿ, ಹೆಸರಿನ ಕೆಳಗೆ ಕೆಸರು ನೋಡಿ. ಹೊರಟ ಸ್ವಲ್ಪ ಹೊತ್ತಿಗೇ ಕ್ರಿಶ್ಚಿಯನ್ ಒಂದು ಹುದುಲಿಗೆ ಬೀಳ್ತಾನೆ, ಬೆನ್ನ ಮೇಲೆ ಹೊರೆ ಬೇರೆ. ರಾಜನ (ಕತೇಲಿ ದೇವರೇ ರಾಜ) ಕೆಲಸದವ್ರು 1600 ವರ್ಷದಿಂದ ಅದನ್ನ ರಿಪೇರಿ ಮಾಡ್ತಾನೇ ಇದ್ದಾರಂತೆ, ಏನಿಲ್ಲ ಅಂದ್ರೂ 20 ಸಾವಿರ ಗಾಡಿ ಸದುಪದೇಶ ತಂದು ಸುರಿದಿದಾರಂತೆ, ಎಲ್ಲ ನುಂಗಿ ಕೂತಿದೆ (ನಮ್ಮೂರ ರಸ್ತೆಗೆ ಹಾಕಿದ ಜಲ್ಲಿ ನೆನಪಾಗಿ ನಕ್ಕಿದ್ದೀನಿ). ನಡುವೆ ಗಟ್ಟಿ ಮೆಟ್ಟಿಲು ಇದಾವೆ, ಹವೆ ಬದಲಾದಾಗ ಮಾತ್ರ ಕಾಣಲ್ಲ. ಆರಿದ್ರೆ ಮಳೇಲಿ ಗದ್ದೆ ಅಂಚು ಹುಡುಕಿ ಕಾಲಿಟ್ಟೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಇನ್ನು ನಿರಾಶೆ ದೈತ್ಯ ಇದಾನಲ್ಲ, ಬಿಸಿಲು ಬಿದ್ದ ದಿನ ಅವನಿಗೆ ಒಂದೊಂದ್ಸಲ ಫಿಟ್ಸ್ ಬಂದು ಕೈ ಆಡೋದೇ ಇಲ್ಲ! ಮೂರು ತಿಂಗಳು ಜಡಿಮಳೆ ಹಿಡಿದು ಒಂದು ದಿನ ಹೊಳವಾದಾಗ ಅಂಗಳಕ್ಕೆ ಬಂದು ನಿಂತ ಮಲೆನಾಡಿನೋರು ಬರೆದ ಹಾಗಿದೆ ಅದು.

ಹಾಂ, ಉಪದೇಶ ಅತಿ ಆಗುತ್ತೆ ಅನ್ನೋದು ಮಾತ್ರ ನಿಜ. ದಾರಿ ಮೇಲೆ ಇಬ್ಬರು ಸಿಕ್ಕಿ ಧರ್ಮದ ಮಾತು ಶುರು ಮಾಡಿದ್ರೆ ನಾನೂ ಪುಟ ಹಾರಿಸ್ತೀನಿ.

ಪ್ರಶ್ನೆ: ಕನ್ನಡದಲ್ಲಿ ಬಂದಿದ್ಯಾ? ಎಲ್ಲಿಂದ ಶುರು ಮಾಡ್ಲಿ?
- ಓದುಗರು, ತೀರ್ಥಹಳ್ಳಿ

ಉತ್ತರ: ಬಂದಿದೆ, ಅದೂ 19ನೇ ಶತಮಾನದಲ್ಲೇ, ಬಾಸೆಲ್ ಮಿಷನ್ನಿನವ್ರು 'ಯಾತ್ರಿಕನ ಸಂಚಾರ' ಅಂತ ತಂದ್ರು. ಶುರು ಮಾಡೋದು 1684ರ ಎರಡನೇ ಭಾಗದಿಂದ ಮಾಡಿ, ಹೊಸನಗರದ ಅಕ್ಕನಿಗೂ ಅದನ್ನೇ ಹೇಳ್ತೀನಿ. ಅದ್ರಲ್ಲಿ ಬಿಟ್ಟುಹೋದ ಹೆಂಡ್ತಿ ಕ್ರಿಶ್ಚಿಯಾನ ನಾಲ್ಕು ಗಂಡುಮಕ್ಕಳನ್ನ ಕಟ್ಕೊಂಡು ಅದೇ ದಾರೀಲಿ ಹೊರಡ್ತಾಳೆ, ಜೊತೆಗೆ ಮರ್ಸಿ ಅನ್ನೋ ನೆರೆಮನೆ ಹುಡುಗಿ. ಗಂಡ ಒಬ್ಬನೇ ಓಡಿದ್ದ ದಾರೀಲಿ ಇವ್ರು ಉಂಡು, ತಂಗಿ, ಮಕ್ಕಳ ಮದ್ವೆನೂ ಮಾಡಿ ಹೋಗ್ತಾರೆ. ದೊಡ್ಡ ಮಗ ಮ್ಯಾಥ್ಯೂ ಗೋಡೆಯಾಚೆಯಿಂದ ಬಾಗಿದ್ದ ಸೈತಾನನ ತೋಟದ ಹಣ್ಣು ಕಿತ್ತು ತಿಂದು ಹೊಟ್ಟೆ ಹಿಡ್ಕೊಂಡು ಒದ್ದಾಡ್ತಾನೆ, ಡಾಕ್ಟ್ರು ಬಂದು ಮಾತ್ರೆ ಕೊಡ್ತಾರೆ, ಅವನು ಬೇಡ ಬೇಡ ಅಂತ ಹಠ ಮಾಡ್ತಾನೆ, ಅಮ್ಮ ನಾಲಿಗೆ ತುದಿಗೆ ಮುಟ್ಟಿಸ್ಕೊಂಡು 'ಜೇನಿಗಿಂತ ಸಿಹಿ ಇದೆ ಕಣೋ, ನುಂಗೋ' ಅಂತ ನುಂಗಿಸ್ತಾಳೆ.